ಕಂಬ, ತಂತಿ ಮತ್ತು ನಡುವಣ ಕಟ್ಟು

ತಂತಿಬೇಲಿ ಹಾಕಿಸಬೇಕೆಂದಿರುವ ರೈತನು ಪೇಟೆಗೆ ಹೋದಾಗ ಕಂಬದ ದಪ್ಪವನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ, ತಂತಿಯ ಗೇಜನ್ನು ವಿಚಾರಿಸುತ್ತಾನೆ, ಸುರುಳಿಯನ್ನು ತನ್ನ ಕಣ್ಣೆದುರಿಗೇ ತೂಗಿಸುತ್ತಾನೆ. ಆದರೆ ಆ ತಂತಿಯನ್ನು ಆ ಕಂಬಕ್ಕೆ ಕೂಡಿಸತಕ್ಕ ಕಟ್ಟುತಂತಿಯ ಮಾತು ಬಂದಾಗ, ಮನೆ ಕಟ್ಟಿಸಿದ ಕಾಲದಲ್ಲಿ ಮಿಕ್ಕು ಮೂಲೆಯಲ್ಲಿ ಬಿದ್ದಿರುವ ಕರಿಯ ಬೈಂಡಿಂಗ್ ವೈರೇ ಸಾಕೆಂದು ಹೇಳಿ ಹೊರಟುಬಿಡುತ್ತಾನೆ. ಬೇಲಿಯು ಮುಂದೆ ಎಲ್ಲಿ ಸೋಲುವುದೆಂಬುದು ಬಹುಮಟ್ಟಿಗೆ ಆ ಗಳಿಗೆಯಲ್ಲಿಯೇ ನಿರ್ಧಾರವಾಗಿಹೋಗುತ್ತದೆ. ನಾಲ್ಕು ಮೀಟರಿಗೊಂದರಂತೆ ಕಂಬ ನೆಟ್ಟ ನೂರು ಮೀಟರಿನ ಬೇಲಿಯೊಂದರಲ್ಲಿ ಕಂಬಗಳು 26 ಮಾತ್ರ. ಐದೆಳೆಯ ತಂತಿಯಾದರೆ ಕಟ್ಟುಗಳು 130. ಕಂಬವೂ ತಂತಿಯೂ ಕಾರ್ಖಾನೆಯಲ್ಲಿ ಹುಟ್ಟಿ ಅಳತೆಗೂ ಪರೀಕ್ಷೆಗೂ ಒಳಪಟ್ಟು ಬಂದಿರುತ್ತವೆ. ಈ ನೂರಮೂವತ್ತು ಕಟ್ಟುಗಳಾದರೋ ಹೊಲದ ಬದುವಿನ ಮೇಲೆ, ಬಿಸಿಲಿನಲ್ಲಿ, ಆಳಿನ ಮುಂಗೈಯ ಬಲವೊಂದನ್ನೇ ನೆಚ್ಚಿಕೊಂಡು ಹುಟ್ಟುತ್ತವೆ.

ಕಟ್ಟು ಎಷ್ಟು ಬಿಗಿಯೋ ಬೇಲಿ ಅಷ್ಟು ಭದ್ರ ಎಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಬಲವಿಜ್ಞಾನವನ್ನು ಕೇಳಿದರೆ ಅದು ಇನ್ನೊಂದು ವಿಧವಾಗಿ ಹೇಳುತ್ತದೆ: ಸಾಲಿನ ನಡುವಿರುವ ಕಂಬದ ಕಟ್ಟು ತಂತಿಯನ್ನು ಮೇಲಕ್ಕೂ ಕೆಳಕ್ಕೂ ಹೋಗಗೊಡಬಾರದು, ಕಂಬದಿಂದ ದೂರ ಸರಿಯಗೊಡಬಾರದು, ಆದರೆ ತಂತಿಯ ಉದ್ದಕ್ಕೆ ಅದು ಹಿಂದು ಮುಂದಾಗಿ ಜಾರುವುದನ್ನು ತಡೆಯಲೂಬಾರದು. ಮುಂಗೈಯ ಮೇಲಣ ಬಳೆ ಹೇಗೆ ಜಾರುತ್ತದೆಯೋ, ಜಾರಿದರೂ ಹೇಗೆ ಕಳಚದೋ, ಹಾಗಿರಬೇಕು ಒಳ್ಳೆಯ ಕಟ್ಟು. ಈ ಒಂದು ಮಾತಿಗೆ ಎಷ್ಟು ಕಾರಣಗಳುಂಟು, ಮತ್ತು ಅದನ್ನು ಮೀರಿದಾಗ ಏನೇನು ಒದಗುವುದು ಎಂಬುದನ್ನು ವಿಚಾರಿಸುವುದೇ ಈ ಅಧ್ಯಾಯದ ಉದ್ದೇಶ.

ಮರದಿಂದ ಕಬ್ಬಿಣಕ್ಕೆ

ಕಂಬಕ್ಕೆ ತಂತಿಯನ್ನು ಕಟ್ಟತಕ್ಕ ಸಮಸ್ಯೆ ಮನುಷ್ಯನಿಗೆ ಎದುರಾದದ್ದು ತೀರ ಈಚಿನ ಕಾಲದಲ್ಲಿ. ನಮ್ಮ ಬಯಲುಸೀಮೆಯಲ್ಲಿ ಕಳ್ಳಿಯೂ ಕತ್ತಾಳೆಯೂ, ಕರಾವಳಿಯಲ್ಲಿ ಮುರಕಲ್ಲಿನ ಪಾಗಾರವೂ, ಮಲೆನಾಡಿನಲ್ಲಿ ಮುಳ್ಳಿನ ಒಡ್ಡೂ ಅಗಳೂ ಬೇಲಿಯ ಕೆಲಸವನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದುವು. ಮರವೂ ಕಲ್ಲೂ ದುರ್ಲಭವಾಗಿದ್ದ ಅಮೆರಿಕದ ಹುಲ್ಲುಬಯಲುಗಳಲ್ಲಿ ಮಾತ್ರ ಬೇಸಾಯಗಾರನಿಗೆ ಈ ಯಾವ ಸೌಕರ್ಯವೂ ಇರಲಿಲ್ಲ. ಓಸೇಜ್ ಆರೆಂಜ್ ಎಂಬ ಮುಳ್ಳುಗಿಡವನ್ನು ಸಾಲಾಗಿ ನೆಟ್ಟು, ಅದು ಬೆಳೆದು ದನವನ್ನು ತಡೆಯುವಂತಾಗುವವರೆಗೆ ವರ್ಷಗಟ್ಟಲೆ ಕಾದಿರಬೇಕಾಗಿತ್ತು. ಆ ಮುಳ್ಳನ್ನೇ ಕಬ್ಬಿಣದಲ್ಲಿ ಮಾಡಿಬಿಟ್ಟರೆ ಹೇಗೆ ಎಂಬ ಆಲೋಚನೆಯಿಂದ ಮೈಕೇಲ್ ಕೆಲ್ಲಿ ಎಂಬಾತನು 1868ರಲ್ಲಿ ಒಂದು ಮುಳ್ಳುಬೇಲಿಗೆ ಪೇಟೆಂಟ್ ಪಡೆದನು. 1873ರಲ್ಲಿ ಇಲಿನಾಯ್ ಸಂಸ್ಥಾನದ ಡಿಕಾಲ್ಬ್ ಎಂಬ ಊರಿನ ಜಾತ್ರೆಯಲ್ಲಿ ಹೆನ್ರಿ ರೋಸ್ ಎಂಬ ರೈತನು ಪ್ರದರ್ಶಿಸಿದ, ಮೊಳೆ ಚುಚ್ಚಿದ ಮರದ ಪಟ್ಟಿಯೊಂದನ್ನು ನೋಡಿ ಮನೆಗೆ ಹೋದ ಜೋಸೆಫ್ ಗ್ಲಿಡನ್ನನು, ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಆ ಹೊಸೆತದ ಸಂದಿಯಲ್ಲಿ ಮುಳ್ಳು ಸಿಕ್ಕಿ ನಿಲ್ಲುವಂತೆ ಮಾಡಿ, 1874ರ ನವೆಂಬರ್ 24ರಂದು ಅದಕ್ಕೆ ಪೇಟೆಂಟ್ ಪಡೆದನು. ಇಂದಿಗೂ ಅಂಗಡಿಯಲ್ಲಿ ಸಿಕ್ಕುವ ಮುಳ್ಳುತಂತಿಯು ರೂಪದಲ್ಲಿ ಬಹುಮಟ್ಟಿಗೆ ಗ್ಲಿಡನ್ನನ ತಂತಿಯೇ.

ಆದಿಯಲ್ಲಿ ಈ ತಂತಿಯನ್ನು ಹೊತ್ತದ್ದು ಮರದ ಕಂಬ. ಮರಕ್ಕೆ ಕಟ್ಟುವುದು ಸುಲಭ: ಕುದುರೆಲಾಳದ ಆಕಾರದ ಮೊಳೆಯೊಂದನ್ನು ತಂತಿಯ ಮೇಲಿಟ್ಟು ಬಡಿದರೆ ತೀರಿತು. ಅಲ್ಲಿಯೂ ಅನುಭವಿಗಳು ಆ ಮೊಳೆಯನ್ನು ಪೂರ್ತಿ ಬಡಿಯದೆ, ತಂತಿ ಆಡುವಷ್ಟು ಎಡೆಯನ್ನು ಉಳಿಸಿಯೇ ಸುತ್ತಿಗೆಯನ್ನು ಕೆಳಗಿಡುತ್ತಿದ್ದರು. ಆದರೆ ಮರವು ಗೆದ್ದಲಿಗೆ ಆಹಾರ, ಬೆಂಕಿಗೆ ಸೌದೆ; ನೆಲದ ಮಟ್ಟದಲ್ಲಿ ತೇವವೂ ಗಾಳಿಯೂ ಕೂಡುವ ಜಾಗದಲ್ಲಿ ಅದು ಮೊದಲು ಕೊಳೆಯುತ್ತದೆ. ಆದುದರಿಂದ ಉಕ್ಕಿನ ಕಂಬ ಬಂದಿತು. ಬಂದೊಡನೆ ಹೊಸ ತೊಡಕೊಂದನ್ನೂ ತಂದಿತು. ಮರವು ಮೊಳೆಯನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಉಕ್ಕು ಸೇರಿಸಿಕೊಳ್ಳುವುದಿಲ್ಲ.

ಈ ತೊಡಕಿಗೆ ಎರಡು ದೇಶಗಳು ಎರಡು ಬಗೆಯ ಪರಿಹಾರವನ್ನು ಕಂಡುಕೊಂಡವು. ಅಮೆರಿಕದಲ್ಲಿ ಬಳಕೆಯಾದದ್ದು, ಅಡ್ಡಕೊಯ್ತದಲ್ಲಿ ರೋಮನ್ ಲಿಪಿಯ ‘ಟಿ’ ಅಕ್ಷರವನ್ನು ಹೋಲುವುದರಿಂದ ‘ಟಿ-ಪೋಸ್ಟ್’ ಎನಿಸಿಕೊಂಡ ಕಂಬ. ಸವೆದು ತೆಗೆದುಹಾಕಿದ ರೈಲುಹಳಿಗಳನ್ನು ಕಾಯಿಸಿ ಉರುಳೆಗಳ ನಡುವೆ ಹಾಯಿಸಿ ಮಾಡಿದ ಇಂಥ ಕಂಬಗಳೂ ಉಂಟು. ಅದರ ಚಪ್ಪಟೆಯ ಮುಖದ ಮೇಲೆ, ಮೇಲಿನಿಂದ ಕೆಳಗಿನವರೆಗೆ, ಸುಮಾರು ಎರಡೆರಡು ಅಂಗುಲಕ್ಕೊಂದರಂತೆ ಗುಬುಟುಗಳಿರುತ್ತವೆ. ತಂತಿಯು ಆ ಮುಖವನ್ನು ತಾಗಿಕೊಂಡು ಎರಡು ಗುಬುಟುಗಳ ನಡುವೆ ಹಾಯುತ್ತದೆ; ಮುಂಚಿತವಾಗಿಯೇ ಬಾಗಿಸಿಟ್ಟ ಸಣ್ಣ ಕ್ಲಿಪ್ಪೊಂದು ತಂತಿಯನ್ನು ಒಂದು ಮಗ್ಗುಲಲ್ಲಿ ಕೊಕ್ಕೆಯಿಂದ ಹಿಡಿದು, ಕಂಬದ ಬೆನ್ನನ್ನು ಬಳಸಿ, ಇನ್ನೊಂದು ಮಗ್ಗುಲಲ್ಲಿ ಹೊರಬಂದು ಮತ್ತೆ ತಂತಿಯ ಸುತ್ತ ಸುತ್ತಿಕೊಳ್ಳುತ್ತದೆ. ನಮ್ಮಲ್ಲಿ ಬಳಕೆಗೆ ಬಂದದ್ದು ‘ಎಲ್’ ಆಕಾರದ ಕಬ್ಬಿಣ, ಜನರ ಬಾಯಲ್ಲಿ ‘ಆ್ಯಂಗಲ್’. ಅದಕ್ಕೆ ಗುಬುಟುಗಳಿಲ್ಲ, ಅದರ ಬದಲು ಎಳೆಗೊಂದರಂತೆ ತೂತುಗಳನ್ನು ಕೊರೆದು, ಆ ತೂತಿನ ಮೂಲಕ ಕಟ್ಟುತಂತಿಯನ್ನು ಪೋಣಿಸಿ, ಹಿಂದೆ ಇಕ್ಕಳದಿಂದ ಹೊಸೆಯುತ್ತಾರೆ. ಗುಬುಟಾಗಲಿ ತೂತಾಗಲಿ ಮಾಡುವ ಕೆಲಸ ಒಂದೇ: ಕಟ್ಟನ್ನು ಅದರ ಎತ್ತರದಲ್ಲಿ ನಿಲ್ಲಿಸುವುದು. ನುಣುಪಾದ ಕಂಬದ ಮೇಲೆ ಬರಿಯ ಬಿಗಿತವನ್ನು ನಂಬಿ ಕಟ್ಟಿದ ಕಟ್ಟು, ದನವೊಂದು ತಂತಿಗಳ ನಡುವೆ ಕತ್ತು ತೂರಿಸಿ ಮೇಲೆತ್ತಿದೊಡನೆ ಕಂಬದುದ್ದಕ್ಕೂ ಜಾರಿ, ಬೇಲಿಯಲ್ಲಿ ಬಾಗಿಲನ್ನೇ ತೆರೆಯುತ್ತದೆ.

ದನದ ಎದೆಯೂ ತಂತಿಯ ಎಳೆತವೂ

ಈಗ ದನವು ಬೇಲಿಗೆ ಎದೆಯೊತ್ತಿದಾಗ ಏನಾಗುವುದೆಂಬುದನ್ನು ಲೆಕ್ಕಕ್ಕೆ ತರೋಣ. ನೆಟ್ಟಗೆ ಬಿಗಿದಿರುವ ತಂತಿಯನ್ನು ಪಾರ್ಶ್ವದಿಂದ ತಳ್ಳಿದಾಗ, ತಂತಿಯು ಎರಡು ಕಡೆಗೂ ಓರೆಯಾಗಿ ನಿಂತು ಆ ಒತ್ತಡವನ್ನು ಹೊರಬೇಕಾಗುತ್ತದೆ; ಓರೆ ಎಷ್ಟು ಕಡಿಮೆಯೋ ಹೊರೆ ಅಷ್ಟು ಹೆಚ್ಚು. ನಾಲ್ಕು ಮೀಟರ್ ಅಂತರದ ಎರಡು ಕಂಬಗಳ ಮಧ್ಯದಲ್ಲಿ ತಂತಿಯು 20 ಸೆಂಟಿಮೀಟರ್ ಬಾಗಿತೆನ್ನಿ. ಆ ಸ್ಥಿತಿಯಲ್ಲಿ ತಂತಿಯೊಳಗಣ ಎಳೆತವು ದನದ ಒತ್ತಡದ ಐದು ಪಟ್ಟು. 50 ಕಿಲೋಗ್ರಾಂ ಬಲದಿಂದ ಒತ್ತಿದ ಎಮ್ಮೆಗೆ ಉತ್ತರವಾಗಿ ತಂತಿಯು 250 ಕಿಲೋಗ್ರಾಂ ಬಲದಿಂದ ಎಳೆಯಲ್ಪಡುತ್ತದೆ.

ಬಾಗಿದ ದಾರಿ ನೇರ ದಾರಿಗಿಂತ ಉದ್ದ. ಪೈಥಾಗೊರಸನ ಪ್ರಮೇಯದಿಂದ ಗುಣಿಸಿ ನೋಡಲಾಗಿ, ಮೇಲಿನ ಉದಾಹರಣೆಯಲ್ಲಿ ತಂತಿಗೆ ಬೇಕಾಗುವ ಹೆಚ್ಚಿನ ಉದ್ದ ಸರಿಸುಮಾರು 2 ಸೆಂಟಿಮೀಟರ್. ಈ ಎರಡು ಸೆಂಟಿಮೀಟರ್ ಎಲ್ಲಿಂದ ಬರಬೇಕು? ಎರಡು ಕಂಬಗಳಲ್ಲಿಯೂ ಕಟ್ಟು ತಂತಿಯನ್ನು ಕಚ್ಚಿ ಹಿಡಿದಿದ್ದರೆ, ನಾಲ್ಕು ಮೀಟರಿನ ಆ ತುಂಡೊಂದೇ ಹಿಗ್ಗಬೇಕು. ಎಂದರೆ ಇನ್ನೂರರಲ್ಲಿ ಒಂದು ಪಾಲು. ಸಾಧಾರಣ ಮೆದು ಉಕ್ಕು ತನ್ನ ಮೊದಲ ಅಳತೆಗೆ ಹಿಂದಿರುಗುವಂತೆ ಹಿಗ್ಗಬಲ್ಲುದು ಸುಮಾರು ಎಂಟುನೂರರಲ್ಲಿ ಒಂದು ಪಾಲು ಮಾತ್ರ. ಸ್ಥಿತಿಸ್ಥಾಪಕತ್ವದ ಆ ಎಲ್ಲೆಯನ್ನು ನಾಲ್ಕು ಪಟ್ಟು ದಾಟಿದ ತಂತಿಯು ದನ ಹೋದ ಮೇಲೆ ಮತ್ತೆ ನೆಟ್ಟಗಾಗುವುದಿಲ್ಲ, ಜೋಲುಬಿದ್ದೇ ಇರುತ್ತದೆ. ಮರುದಿನ ಅದೇ ಎಮ್ಮೆ ಅದೇ ಜಾಗಕ್ಕೆ ಬರುತ್ತದೆ.

ಕಟ್ಟು ತಂತಿಯನ್ನು ಜಾರಗೊಡುವಂಥದಾಗಿದ್ದರೆ ಕಥೆ ಬೇರೆ. ಘರ್ಷಣೆಯನ್ನು ಸದ್ಯಕ್ಕೆ ಬದಿಗಿಟ್ಟರೆ, ಆ ಎರಡು ಸೆಂಟಿಮೀಟರನ್ನು ನೂರು ಮೀಟರ್ ತಂತಿಯೆಲ್ಲ ಹಂಚಿಕೊಂಡು ಕೊಡುತ್ತದೆ: ಐದು ಸಾವಿರದಲ್ಲಿ ಒಂದು ಪಾಲು. ಎರಡೂವರೆ ಮಿಲಿಮೀಟರ್ ವ್ಯಾಸದ ತಂತಿಯಲ್ಲಿ ಇದರಿಂದ ಹೆಚ್ಚತಕ್ಕ ಎಳೆತ ಸುಮಾರು 20 ಕಿಲೋಗ್ರಾಂ ಮಾತ್ರ. ತಂತಿಯು ಹೀಗೆ ಸುಲಭವಾಗಿ ಒಲೆಯುವುದರಿಂದ ದನ ಇನ್ನೂ ಸ್ವಲ್ಪ ಹೆಚ್ಚು ಒಳಕ್ಕೆ ಒತ್ತೀತು. ಆದರೆ ಅದು ಹಿಂದೆ ಸರಿದಾಗ ತಂತಿಯೂ ತನ್ನ ರೇಖೆಗೆ ಹಿಂದಿರುಗುತ್ತದೆ. ನಿಜವಾದ ಬೇಲಿಯಲ್ಲಿ ಪ್ರತಿಯೊಂದು ಕಟ್ಟಿನಲ್ಲಿಯೂ ಒಂದಿಷ್ಟು ಘರ್ಷಣೆ ಇದ್ದೇ ಇರುವುದರಿಂದ ಸಹಾಯವು ನೂರು ಮೀಟರಿನಿಂದ ಬಾರದೆ ಆಚೀಚೆಯ ಕೆಲವು ಅಂಕಣಗಳಿಂದ ಬಂದೀತು. ಅಷ್ಟು ಬಂದರೂ ಸಾಕು. ಮುಳ್ಳುತಂತಿಯಲ್ಲಿ ಮುಳ್ಳು ಕಟ್ಟಿಗೆ ತಗುಲಿ ಜಾರುವಿಕೆ ನಿಂತುಹೋಗುವುದಿಲ್ಲವೇ ಎಂದು ಕೇಳಬಹುದು. ನಿಲ್ಲುತ್ತದೆ, ಆದರೆ ಮುಳ್ಳಿಗೂ ಮುಳ್ಳಿಗೂ ನಡುವೆ ಏಳರಿಂದ ಹದಿನೈದು ಸೆಂಟಿಮೀಟರ್ ಎಡೆಯಿರುವುದರಿಂದ, ಮುಳ್ಳಿನ ಮೇಲೆಯೇ ಕಟ್ಟದೆ ಎರಡು ಮುಳ್ಳುಗಳ ನಟ್ಟನಡುವೆ ಕಟ್ಟಿದರೆ ಎರಡು ಸೆಂಟಿಮೀಟರಿನ ಓಡಾಟಕ್ಕೆ ಧಾರಾಳವಾದ ಸ್ಥಳ ದೊರೆಯುತ್ತದೆ.

ಬಿಸಿಲು ನೆರಳುಗಳೂ ತಂತಿಯನ್ನು ಎಳೆದಾಡುತ್ತವೆ. ಉಕ್ಕು ಒಂದು ಡಿಗ್ರಿ ಉಷ್ಣಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹನ್ನೆರಡು ಪಾಲಿನಷ್ಟು ಹಿಗ್ಗುತ್ತದೆ. ಬಳ್ಳಾರಿ, ರಾಯಚೂರುಗಳ ಕಡೆ ಹೊತ್ತೇರಿದ ಮೇಲೆ ಬರಿಗೈಯಲ್ಲಿ ಮುಟ್ಟಲಾಗದಂತೆ ಕಾದ ತಂತಿಯು, ಬೆಳಗಿನ ಜಾವದ ತಂಪಿಗೆ 30 ಡಿಗ್ರಿಯಷ್ಟು ಇಳಿಯಿತೆಂದಾದರೆ, ನೂರು ಮೀಟರಿಗೆ 3.6 ಸೆಂಟಿಮೀಟರ್ ಕುಗ್ಗಲೆಳಸುತ್ತದೆ. ಎರಡು ತುದಿಗಳೂ ಭದ್ರವಾಗಿದ್ದು ಕುಗ್ಗಲು ಎಡೆಯಿಲ್ಲದ್ದರಿಂದ, ಎರಡೂವರೆ ಮಿಲಿಮೀಟರ್ ತಂತಿಯೊಂದರಲ್ಲಿ ಎಳೆತವು ಸುಮಾರು 36 ಕಿಲೋಗ್ರಾಂನಷ್ಟು ಏರುತ್ತದೆ. ನಡುಹಗಲಿನಲ್ಲಿ ಎಷ್ಟು ಬಿಗಿಯುತ್ತೇವೆಯೋ ಅದರ ಮೇಲೆ ಇನ್ನಷ್ಟು ಬಿಗಿಯನ್ನು ರಾತ್ರಿಯೇ ಸೇರಿಸಿಕೊಡುವುದೆಂಬುದನ್ನು ತಂತಿ ಎಳೆಯುವವರು ಮರೆಯಬಾರದು. ಬೇಲಿಯೆಲ್ಲವೂ ಒಂದೇ ಸಮನಾಗಿ ಕಾದು ಒಂದೇ ಸಮನಾಗಿ ಆರುವುದಾಗಿದ್ದರೆ ನಡುಗಂಬಗಳಲ್ಲಿ ಜಾರುವ ಅವಶ್ಯಕತೆಯೇ ಬೀಳುತ್ತಿರಲಿಲ್ಲ. ಆದರೆ ಅರ್ಧ ಬೇಲಿ ಹುಣಸೆಮರದ ನೆರಳಿನಲ್ಲಿಯೂ ಅರ್ಧ ಬೇಲಿ ಬಯಲಿನಲ್ಲಿಯೂ ಇರುವಾಗ, ಒಂದು ಭಾಗದ ಸಡಿಲವನ್ನು ಇನ್ನೊಂದು ಭಾಗದ ಬಿಗಿ ಎಳೆದುಕೊಂಡು ಸಮವಾಗಲು ಕಟ್ಟುಗಳು ದಾರಿ ಬಿಡಬೇಕಾಗುತ್ತದೆ.

ಕಟ್ಟತಕ್ಕ ಕ್ರಮ

ತಂತಿಯು ಕಂಬದ ಯಾವ ಮಗ್ಗುಲಲ್ಲಿರಬೇಕೆಂಬುದು ಮೊದಲ ಪ್ರಶ್ನೆ. ಒತ್ತಡ ಯಾವ ಕಡೆಯಿಂದ ಬರುವುದೋ ಆ ಕಡೆ ಎಂಬುದು ಉತ್ತರ. ದನವನ್ನು ಒಳಗೇ ಕೂಡಿಹಾಕುವ ಹುಲ್ಲುಗಾವಲಾದರೆ ಒಳಮಗ್ಗುಲು. ನಮ್ಮ ಹೊಲತೋಟಗಳಂತೆ ಹೊರಗಿನ ದನ ಒಳನುಗ್ಗದಿರಲೆಂದು ಹಾಕಿದ್ದಾದರೆ ಹೊರಮಗ್ಗುಲು. ಆಗ ದನ ಒತ್ತಿದಷ್ಟೂ ತಂತಿ ಕಂಬಕ್ಕೆ ಅಂಟಿಕೊಳ್ಳುವುದರಿಂದ ಹೊರೆಯೆಲ್ಲ ಕಂಬದ ಪಾಲಾಗಿ, ಕಟ್ಟಿಗೆ ಉಳಿಯುವುದು ತಂತಿಯನ್ನು ಎತ್ತರದಲ್ಲಿ ನಿಲ್ಲಿಸುವ ಹಗುರ ಕೆಲಸವೊಂದೇ. ಇದಕ್ಕೆ ವಿರುದ್ಧವಾದ ಮಗ್ಗುಲಲ್ಲಿ ಕಟ್ಟಿದರೆ, ಎಮ್ಮೆಯ ಎದೆಯ ಬಲವನ್ನೆಲ್ಲ ಒಂದೂವರೆ ಮಿಲಿಮೀಟರ್ ದಪ್ಪದ ಕಟ್ಟುತಂತಿಯೇ ಹೊರಬೇಕಾಗುತ್ತದೆ. ಬೇಲಿ ತಿರುವು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಈ ನಿಯಮಕ್ಕೆ ಅಪವಾದವುಂಟು: ಅಲ್ಲಿ ತಂತಿಯ ಎಳೆತವೇ ಹಗಲಿರುಳೂ ಒಳಮುಖವಾಗಿ ದುಡಿಯುವುದರಿಂದ, ತಂತಿಯು ತಿರುವಿನ ಹೊರಮಗ್ಗುಲಲ್ಲಿದ್ದು ಕಂಬಕ್ಕೆ ಒತ್ತಿಕೊಂಡಿರತಕ್ಕದ್ದು.

ಇನ್ನು ಆ್ಯಂಗಲ್ ಕಂಬವೊಂದಕ್ಕೆ ತಂತಿ ಕಟ್ಟುವುದನ್ನು ಹತ್ತಿರದಿಂದ ನೋಡೋಣ. ಕೈಹಿಡಿತವುಳ್ಳ ಕೆಲಸಗಾರನು ಸತುವಿನ ಲೇಪವಿರುವ, ಮೆದುವಾದ 16 ಗೇಜಿನ ತಂತಿಯಿಂದ ಒಂದು ಗೇಣಿಗಿಂತ ತುಸು ಉದ್ದದ ತುಂಡನ್ನು ಕತ್ತರಿಸಿ, ಬೆರಳಿನ ಮೇಲೆ ಮಡಿಚಿ, ಆ ಮಡಿಕೆಯನ್ನು ಬೇಲಿತಂತಿಯ ಮೇಲೆ ಹೊದಿಸುತ್ತಾನೆ. ಒಂದು ಕಾಲನ್ನು ತೂತಿನೊಳಗಿಂದ ಹಿಂದಕ್ಕೆ ತಳ್ಳುತ್ತಾನೆ. ಇನ್ನೊಂದನ್ನು ಆ್ಯಂಗಲ್ಲಿನ ಅಂಚನ್ನು ಬಳಸಿ ಹಿಂದಕ್ಕೆ ತರುತ್ತಾನೆ. ಅಲ್ಲಿ ಎರಡು ಕಾಲುಗಳನ್ನೂ ಇಕ್ಕಳದಲ್ಲಿ ಒಟ್ಟಿಗೆ ಹಿಡಿದು, ಮೊದಲು ತನ್ನ ಕಡೆಗೆ ಸೆಳೆದು, ಸೆಳೆತವನ್ನು ಬಿಡದೆ ತಿರುಪುತ್ತಾನೆ. ಈ ಸೆಳೆತವಿಲ್ಲದೆ ತಿರುಪಿದರೆ ಒಂದು ಕಾಲು ನೆಟ್ಟಗೆ ಉಳಿದು ಇನ್ನೊಂದು ಅದರ ಸುತ್ತ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ; ನೋಡಲು ಗಂಟಿನಂತಿದ್ದರೂ ನೆಟ್ಟಗಿನ ಕಾಲು ಎಳೆದಾಗ ಜಾರಿ ಹೊರಬಂದುಬಿಡುತ್ತದೆ. ಎರಡೂ ಸಮನಾಗಿ ಹೊಸೆದುಕೊಂಡಾಗ ಮಾತ್ರ ಒಂದನ್ನೊಂದು ಹಿಡಿಯುತ್ತವೆ. ಮೂರು ನಾಲ್ಕು ತಿರುಪುಗಳಾದ ಮೇಲೆ, ಅದುವರೆಗೆ ಮೆತ್ತಗೆ ಬರುತ್ತಿದ್ದ ತಂತಿ ಕೈಗೆ ಗಡುಸಾಗಿ ತೋರುತ್ತದೆ. ಅದೇ ನಿಲ್ಲಿಸಬೇಕಾದ ಗಳಿಗೆ. ತುದಿಗಳನ್ನು ದನದ ಮೈಗೂ ದಾರಿಹೋಕರ ಪಂಚೆಗೂ ತಗುಲದಂತೆ ಕಂಬದ ಮೂಲೆಯೊಳಕ್ಕೆ ಮಡಿಚಿ, ಕೊನೆಗೆ ಬೇಲಿತಂತಿಯನ್ನು ಹಿಡಿದು ಉದ್ದಕ್ಕೆ ಅಲುಗಿಸಿ ನೋಡುತ್ತಾನೆ. ಹೊಸೆತವೆಲ್ಲ ಕಂಬದ ಹಿಂದಿರುವುದರಿಂದ ಬೇಲಿತಂತಿ ಮಡಿಕೆಯೊಳಗೆ ಸ್ವತಂತ್ರವಾಗಿ ಸರಿಯುತ್ತದೆ.

ಆ ಗಡುಸಿನ ಅರ್ಥವೇನು? ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ ಅಡಕವಾಗಿರುತ್ತವೆ. ಆ ಸಾಲುಗಳಲ್ಲಿ ಅಲ್ಲಲ್ಲಿ ಕ್ರಮ ತಪ್ಪಿದ ರೇಖೆಗಳಿರುತ್ತವೆ. ಲೋಹವು ಬಾಗುವುದೆಂದರೆ ಈ ರೇಖೆಗಳು ಸ್ಫಟಿಕದೊಳಗೆ ಚಲಿಸುವುದೆಂದೇ ಅರ್ಥವೆಂಬುದನ್ನು 1934ರಲ್ಲಿ ಟೇಲರ್, ಒರೋವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಸೂಚಿಸಿದರು. ಬಾಗಿದಷ್ಟೂ ಇಂಥ ರೇಖೆಗಳು ಹೆಚ್ಚಿ, ಒಂದಕ್ಕೊಂದು ತೊಡರಿಕೊಂಡು, ಚಲಿಸಲಾರದೆ ಹೋಗುತ್ತವೆ. ಲೋಹ ಗಟ್ಟಿಯಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಇನ್ನೊಂದು ತಿರುಪು ಹಾಕಿದರೆ ಬಿಗಿಯ ಬದಲು ಬಿರುಕು ಸಿಕ್ಕುವುದು ಇದರಿಂದಲೇ. ಬೇಲಿತಂತಿಯು ಅಚ್ಚಿನ ತೂತುಗಳಲ್ಲಿ ತಣ್ಣಗೆ ಎಳೆಯಲ್ಪಟ್ಟು ಮೊದಲೇ ಗಟ್ಟಿಯಾಗಿ ಬಂದಿರತಕ್ಕದ್ದು. ಕಟ್ಟುತಂತಿಯಾದರೋ ಎಳೆದ ಮೇಲೆ ಕಾಯಿಸಿ ನಿಧಾನವಾಗಿ ಆರಿಸಿ ಮೆದುಮಾಡಿದ್ದಾಗಿರಬೇಕು. ಬಾಗಿಸಿ ಬಿಟ್ಟಾಗ ಯಾವ ಲೋಹವೂ ಒಂದಿಷ್ಟು ಹಿಂದಕ್ಕೆ ಪುಟಿಯುವುದು. ಗಟ್ಟಿತಂತಿಯ ಪುಟಿತ ಮೆದುತಂತಿಯದಕ್ಕಿಂತ ಹಲವು ಪಟ್ಟು ಹೆಚ್ಚು. ಬೇಲಿತಂತಿಯ ಚೂರಿನಿಂದಲೇ ಕಟ್ಟುವವರ ಕಟ್ಟು ಇಕ್ಕಳ ಬಿಟ್ಟೊಡನೆ ಸಡಿಲವಾಗುವುದಕ್ಕೆ ಇದು ಕಾರಣ.

ತುದಿಯ ಕಂಬ

ಇದುವರೆಗೆ ಹೇಳಿದ್ದೆಲ್ಲ ನಡುಗಂಬದ ಮಾತು. ಸಾಲಿನ ತುದಿಯಲ್ಲಿಯೂ ಮೂಲೆಯಲ್ಲಿಯೂ ಇರುವ ಕಂಬದ ಧರ್ಮ ಇದಕ್ಕೆ ತದ್ವಿರುದ್ಧ: ಅಲ್ಲಿ ತಂತಿ ಕೂದಲೆಳೆಯಷ್ಟೂ ಜಾರಕೂಡದು. ಎಳೆಯೊಂದಕ್ಕೆ 100 ಕಿಲೋಗ್ರಾಂ ಬಿಗಿಯಿದ್ದರೆ ಐದೆಳೆಯ ಬೇಲಿಯು ತುದಿಗಂಬವನ್ನು ಸತತವಾಗಿ ಅರ್ಧ ಟನ್ನಿನಷ್ಟು ಬಲದಿಂದ ಎಳೆಯುತ್ತಿರುತ್ತದೆ. ಓರೆಯಾಗಿ ಒತ್ತುಗಂಬ ಕೊಟ್ಟು, ಬುಡಕ್ಕೆ ಕಾಂಕ್ರೀಟು ಹಾಕುವುದು ಈ ಕಾರಣಕ್ಕೆ.

ಇಲ್ಲಿ ತಂತಿಯನ್ನು ಹಿಡಿದು ನಿಲ್ಲಿಸುವುದು ಗಂಟಿಗಿಂತ ಹೆಚ್ಚಾಗಿ ಘರ್ಷಣೆ. ದುಂಡಾದ ಕಂಬಕ್ಕೆ ಸುತ್ತಿದ ಹಗ್ಗದ ಎರಡು ತುದಿಗಳ ಎಳೆತಗಳಿಗಿರುವ ಸಂಬಂಧವನ್ನು 18ನೆಯ ಶತಮಾನದಲ್ಲಿ ಆಯ್ಲರ್ ಎಂಬ ಮಹಾಗಣಿತಜ್ಞನು ವಿವರಿಸಿದ್ದಾನೆ: ಸುತ್ತುಗಳು ಒಂದೊಂದಾಗಿ ಹೆಚ್ಚಿದಂತೆ ಹಿಡಿತವು ಕೂಡುತ್ತ ಹೋಗದೆ ಗುಣಿಸುತ್ತ ಹೋಗುತ್ತದೆ. ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೊಂಡರೆ, ಒಂದು ಸುತ್ತಿಗೆ ಸುಮಾರು ಆರೂವರೆ ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರು ಸುತ್ತಿಗೆ 285 ಪಟ್ಟು. ಎಂದರೆ ಮೂರು ಸುತ್ತು ಸುತ್ತಿದ ತಂತಿಯ ಆ ತುದಿಯಲ್ಲಿ 100 ಕಿಲೋಗ್ರಾಂ ಎಳೆತವಿದ್ದರೂ ಈ ತುದಿಯಲ್ಲಿ ಅರ್ಧ ಕಿಲೋಗ್ರಾಂಗಿಂತ ಕಡಿಮೆ ಬಲ ಸಾಕು. ತುದಿಯನ್ನು ತಂತಿಗೇ ನಾಲ್ಕಾರು ಬಾರಿ ಸುತ್ತಿ ಮುಗಿಸುವುದು ಆ ಅಲ್ಪ ಬಲವನ್ನು ಒದಗಿಸಲಿಕ್ಕಾಗಿ. ಉಗ್ರವಾದ ಹೋರಿಯನ್ನು ಸಣ್ಣ ಹುಡುಗನು ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ತಡೆದು ನಿಲ್ಲಿಸುವುದೂ ಇದೇ ನಿಯಮದಿಂದ. ಈ ನಿಯಮ ಚೆನ್ನಾಗಿ ಅನ್ವಯಿಸುವುದು ಕೊಳವೆಯಂಥ ದುಂಡುಕಂಬಕ್ಕೆ. ಆ್ಯಂಗಲ್ಲಿನ ಚೂಪಾದ ಅಂಚಿಗೆ ತಂತಿಯನ್ನು ಸುತ್ತಿದರೆ ಹಿಡಿತವೇನೋ ಸಿಕ್ಕುತ್ತದೆ, ಆದರೆ ಅಂಚು ತಾಗಿದ ಕಡೆಯಲ್ಲೆಲ್ಲ ಲೇಪ ಕಿತ್ತು, ತಂತಿ ನೆಗ್ಗಿ, ಮುಂದೆ ಅಲ್ಲಿಯೇ ಕಡಿಯುತ್ತದೆ.

ಸತುವಿನ ತ್ಯಾಗ

ಬಲದ ಲೆಕ್ಕ ಸರಿಯಾಗಿದ್ದರೂ ಬೇಲಿಗೆ ಇನ್ನೊಬ್ಬ ಶತ್ರುವಿದ್ದಾನೆ, ಅವನು ತುಕ್ಕು. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿದರೆ ತುಕ್ಕು ಹಿಡಿಯದೆಂಬುದನ್ನು ಮಾಲ್ವಾನ್ ಎಂಬ ಫ್ರೆಂಚ್ ವಿದ್ವಾಂಸನು 1742ರಷ್ಟು ಹಿಂದೆಯೇ ತನ್ನ ದೇಶದ ವಿಜ್ಞಾನ ಸಭೆಗೆ ತಿಳಿಸಿದ್ದನು. 1837ರಲ್ಲಿ ಸೊರೆಲ್ ಎಂಬಾತನು ಆ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಅದು ಕೈಗಾರಿಕೆಯಾಯಿತು. ಸತುವು ಸುಮಾರು 420 ಡಿಗ್ರಿಯಲ್ಲಿ ಕರಗುತ್ತದೆ. ಕಾರ್ಖಾನೆಯ ತೊಟ್ಟಿಯನ್ನು 450 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಅದ್ದಿದಾಗ ಕಬ್ಬಿಣದ ಮೈಗೆ ತಾಗಿದ ಪದರವು ಎರಡು ಲೋಹಗಳೂ ಬೆರೆತ ಮಿಶ್ರಲೋಹವಾಗಿ, ಅದರ ಮೇಲಿನದು ಶುದ್ಧ ಸತುವಾಗಿ ನಿಲ್ಲುತ್ತದೆ.

ಬಣ್ಣವು ಕಬ್ಬಿಣವನ್ನು ಮುಚ್ಚಿ ಕಾಯುತ್ತದೆ. ಗೀರು ಬಿದ್ದ ಕಡೆ ಅದರ ಕಾವಲು ಮುಗಿಯಿತು. ಸತುವು ಮುಚ್ಚಿಯೂ ಕಾಯುತ್ತದೆ, ತಾನು ಸವೆದೂ ಕಾಯುತ್ತದೆ. ಪ್ರಮಾಣ ವಿದ್ಯುದ್ವಿಭವಗಳ ಪಟ್ಟಿಯಲ್ಲಿ ಸತುವಿನ ಸ್ಥಾನ ಋಣ 0.76 ವೋಲ್ಟ್, ಕಬ್ಬಿಣದ್ದು ಋಣ 0.44, ತಾಮ್ರದ್ದು ಧನ 0.34. ಮಳೆಯ ನೀರಿನಲ್ಲಿ ತೊಯ್ದ ಎರಡು ಲೋಹಗಳು ಪರಸ್ಪರ ತಾಗಿಕೊಂಡಿದ್ದರೆ ಅವೆರಡೂ ಕೂಡಿ ಒಂದು ಸಣ್ಣ ವಿದ್ಯುತ್ಕೋಶವಾಗುತ್ತವೆ. ಪಟ್ಟಿಯಲ್ಲಿ ಕೆಳಗಿರುವುದು ಕರಗುತ್ತದೆ, ಮೇಲಿರುವುದು ಉಳಿಯುತ್ತದೆ. ಲೇಪದಲ್ಲಿ ಸಣ್ಣ ಗೀರು ಬಿದ್ದರೆ ಪಕ್ಕದ ಸತುವು ಕರಗಿ ಅಲ್ಲಿಯ ಕಬ್ಬಿಣವನ್ನು ಕಾಪಾಡುವುದು ಹೀಗೆ.

ಈಗ ಮನೆಯ ಮೂಲೆಯಲ್ಲಿ ಮಿಕ್ಕಿದ್ದ ಕರಿಯ ಬೈಂಡಿಂಗ್ ವೈರಿನ ಫಲವನ್ನು ನೋಡಬಹುದು. ಅದು ಲೇಪವಿಲ್ಲದ ಬರಿಯ ಕಬ್ಬಿಣ; ಕಾಂಕ್ರೀಟಿನೊಳಗೆ ಹುದುಗಿ, ಅದರ ಕ್ಷಾರದ ರಕ್ಷಣೆಯಲ್ಲಿ ಇರತಕ್ಕದ್ದು. ಅದನ್ನು ತಂದು ಸತು ಲೇಪದ ತಂತಿಗೆ ಕಟ್ಟಿದಾಗ, ತಂತಿಯ ಮೈಮೇಲಣ ಸತುವು ತನ್ನ ಸ್ವಂತ ಕಬ್ಬಿಣವನ್ನಲ್ಲದೆ ಈ ಬರಿಮೈಯ ನೆಂಟನನ್ನೂ ಕಾಯುವ ಹೊಣೆಯನ್ನು ಹೊತ್ತು, ಕಟ್ಟಿನ ಆಸುಪಾಸಿನಲ್ಲಿ ಬೇಗಬೇಗನೆ ತೀರಿಹೋಗುತ್ತದೆ. ಆಮೇಲೆ ಕಟ್ಟೂ ತಂತಿಯೂ ಜೊತೆಯಾಗಿ ಕೆಂಪಾಗುತ್ತವೆ. ತಾಮ್ರದ ತಂತಿಯಿಂದ ಕಟ್ಟಿದರಂತೂ ವಿಭವದ ಅಂತರ ಇನ್ನೂ ಹೆಚ್ಚಾದುದರಿಂದ ನಾಶವೂ ಅಷ್ಟೇ ವೇಗದ್ದು. ಕಂಬ, ತಂತಿ, ಕಟ್ಟು ಮೂರಕ್ಕೂ ಒಂದೇ ಲೇಪವಿದ್ದರೆ ಅವುಗಳ ನಡುವೆ ಈ ವ್ಯಾಜ್ಯವೇ ಹುಟ್ಟುವುದಿಲ್ಲ.

ಬಿಗಿಯ ಅತಿಯು ಇಲ್ಲಿಯೂ ಕೆಡುಕನ್ನು ತರುತ್ತದೆ. ಹೊರಗಾಳಿಗೆ ತೆರೆದ ಸತುವು ಒದ್ದೆಯಾಗಿ ಒಣಗಿ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕೂಡಿಕೊಂಡು, ತನ್ನ ಮೇಲೆ ಕಾರ್ಬನೇಟಿನ ಬೂದುಬಣ್ಣದ ಗಟ್ಟಿ ಪೊರೆಯೊಂದನ್ನು ಕಟ್ಟಿಕೊಳ್ಳುತ್ತದೆ; ಅದರ ದೀರ್ಘಾಯುಷ್ಯದ ಗುಟ್ಟು ಆ ಪೊರೆಯಲ್ಲಿದೆ. ಕಟ್ಟು ತಂತಿಯನ್ನು ಸುತ್ತುಸುತ್ತಾಗಿ ಅಮುಕಿ ಹಿಡಿದ ಸಂದಿಯಲ್ಲಿ ನೀರು ನಿಲ್ಲುತ್ತದೆ, ಗಾಳಿ ಹೊಗದು, ಪೊರೆ ಕಟ್ಟದು. ಅದರ ಬದಲು ಬಿಳಿಯ ಪುಡಿಯಂಥ ತುಕ್ಕು ಬೆಳೆದು ಲೇಪವನ್ನು ತಿನ್ನುತ್ತದೆ. ವರ್ಷಕ್ಕೆ 7000 ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ಆಗುಂಬೆಯಂಥ ಎಡೆಗಳಲ್ಲಿ ತಿಂಗಳುಗಟ್ಟಲೆ ಒಣಗುವ ಅವಕಾಶವೇ ಇಲ್ಲದಿರುವುದರಿಂದಲೂ, ಕಾರವಾರ ಉಡುಪಿಗಳ ಕಡಲಂಚಿನಲ್ಲಿ ಗಾಳಿಯ ಉಪ್ಪು ಆ ಪೊರೆಯನ್ನು ಕರಗಿಸುವುದರಿಂದಲೂ ಅಲ್ಲಿಯ ಬೇಲಿಗಳು ಬಯಲುಸೀಮೆಯವುಗಳಿಗಿಂತ ಬೇಗ ಮುಪ್ಪಾಗುತ್ತವೆ. ಕಟ್ಟುತಂತಿಯನ್ನು ದಪ್ಪಮಾಡಿದರೂ ಪ್ರಯೋಜನವಿಲ್ಲ. 1.6 ಮಿಲಿಮೀಟರಿನ ತಂತಿಯನ್ನು ಎರಡೂವರೆ ಮಿಲಿಮೀಟರಿನ ತಂತಿಯ ಮೇಲೆ ಮಡಿಚಿದರೆ ಅದರ ಹೊರಮೈ ನೂರಕ್ಕೆ 39ರಷ್ಟು ಹಿಗ್ಗುತ್ತದೆ. ನಾಲ್ಕು ಮಿಲಿಮೀಟರಿನದನ್ನು ಮಡಿಚಿದರೆ ನೂರಕ್ಕೆ 60ನ್ನು ಮೀರುತ್ತದೆ. ಹೊರಗಿನ ಶುದ್ಧ ಸತು ಮೆದುವಾದ್ದರಿಂದ ಒಂದಿಷ್ಟು ಸಹಿಸೀತು. ಒಳಗಣ ಮಿಶ್ರಲೋಹದ ಪದರ ಪೆಡಸಾದ್ದರಿಂದ ಸೀಳುತ್ತದೆ.

ಗಾಳಿಯ ನಾದ, ಬೆಸುಗೆಯ ಬೆಂಕಿ

ಚಿತ್ರದುರ್ಗದ ಗುಡ್ಡಸಾಲುಗಳಂಥ ಗಾಳಿಯ ಸೀಮೆಯಲ್ಲಿ ಬಿಗಿದ ತಂತಿಗೆ ಕಿವಿಗೊಟ್ಟರೆ ಸಣ್ಣನೆಯ ಗುಂಜಾರವ ಕೇಳಬಹುದು. ಗಾಳಿಯು ತಂತಿಯನ್ನು ದಾಟುವಾಗ ಅದರ ಹಿಂದೆ ಮೇಲೊಂದು ಕೆಳಗೊಂದರಂತೆ ಸುಳಿಗಳು ಸರದಿಯಾಗಿ ಕಳಚಿಕೊಳ್ಳುತ್ತವೆ. ಸೆಕೆಂಡಿಗೆ ಮೂರು ಮೀಟರಿನ ಮಂದಮಾರುತವೂ ಎರಡೂವರೆ ಮಿಲಿಮೀಟರ್ ತಂತಿಯಿಂದ ಸೆಕೆಂಡಿಗೆ ಸುಮಾರು 240 ಸುಳಿಗಳ ಜೋಡಿಯನ್ನು ಕಳಚಿಸುತ್ತದೆ. ಪ್ರತಿಯೊಂದು ಸುಳಿಯೂ ತಂತಿಯನ್ನು ಸೂಕ್ಷ್ಮವಾಗಿ ಕುಲುಕುತ್ತದೆ. ಅಂಕಣದ ನಡುವೆ ಈ ಕಂಪನ ನಿರಪಾಯಕರ. ಕಟ್ಟಿನೊಳಗೆ ತಂತಿಯನ್ನು ಅಲುಗದಂತೆ ಕಚ್ಚಿದ್ದರೆ, ಕಂಪನವೆಲ್ಲ ಬಂದು ಆ ಕಚ್ಚಿನ ಅಂಚಿನಲ್ಲಿ ಒಂದೇ ಬಿಂದುವಿನ ಬಾಗುವಿಕೆಯಾಗಿ ಮುಗಿಯುತ್ತದೆ. ಒಂದು ಬಾರಿ ಬಾಗಿಸಿದರೆ ಏನೂ ಆಗದ ತಂತಿ, ಅದೇ ಜಾಗದಲ್ಲಿ ಕೋಟ್ಯಂತರ ಬಾರಿ ಬಾಗಿದಾಗ ಆಯಾಸಗೊಂಡು ಬಿರಿಯುತ್ತದೆ. ಹಳೆಯ ಬೇಲಿಯ ತಂತಿ ಕಂಬದ ಪಕ್ಕದಲ್ಲಿಯೇ ತುಂಡಾಗಿರುವುದನ್ನು ಕಾಣುವಲ್ಲೆಲ್ಲ ತುಕ್ಕೂ ಆಯಾಸವೂ ಕೈಗೂಡಿಸಿರುತ್ತವೆ.

ಪಟ್ಟಣಗಳಲ್ಲಿ ಈಚೆಗೆ ಕಟ್ಟುವ ಗೋಜೇ ಬೇಡವೆಂದು ತಂತಿಯನ್ನೂ ಜಾಲರಿಯನ್ನೂ ಕಂಬಕ್ಕೆ ನೇರವಾಗಿ ಬೆಸೆಯುವ ಪದ್ಧತಿ ಬಂದಿದೆ. ಅದು ಶೀಘ್ರವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಸತುವು 907 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ಬೆಸುಗೆಯ ಚಾಪದ ಉಷ್ಣತೆ ಸಾವಿರಾರು ಡಿಗ್ರಿ. ಬೆಸೆದ ಬಿಂದುವಿನ ಸುತ್ತ ಲೇಪ ಹೊಗೆಯಾಗಿ ಹಾರಿಹೋಗುತ್ತದೆ. ತಣ್ಣಗೆ ಎಳೆದು ಗಳಿಸಿದ್ದ ತಂತಿಯ ಗಟ್ಟಿತನ ಆ ಕಾವಿಗೆ ಕಳೆದುಹೋಗುತ್ತದೆ. ಆ ಬಿಳಿಯ ಹೊಗೆಯನ್ನು ಕುಡಿದ ಕೆಲಸಗಾರನಿಗೆ ರಾತ್ರಿ ಚಳಿಜ್ವರ ಬರುವುದೂ ಉಂಟು. ತಂತಿಗೆ ಜಾರುವ ಸ್ವಾತಂತ್ರ್ಯವಂತೂ ಅಲ್ಲಿಗೆ ಇಲ್ಲವಾಯಿತು. ಒಂದೇ ಕ್ರಿಯೆಯಿಂದ ಇಷ್ಟು ಕೆಡುಕುಗಳನ್ನು ಸಾಧಿಸುವ ವಿಧಾನ ಇನ್ನೊಂದಿರಲಾರದು.

ಬೇಲಿಯಲ್ಲಿ ಹರಿಯುವ ವಿದ್ಯುತ್ತು

ಉಕ್ಕಿನ ಕಂಬಕ್ಕೆ ಉಕ್ಕಿನ ತಂತಿಯನ್ನು ಕಟ್ಟುವುದರಿಂದ ಕೇಳದೆಯೇ ಒದಗುವ ಉಪಕಾರವೊಂದುಂಟು. ಮರದ ಅಥವಾ ಕಲ್ಲಿನ ಕಂಬಗಳ ಮೇಲೆ ಹಾಯುವ ತಂತಿಗೆ ಸಿಡಿಲು ಬಡಿದರೆ, ಆ ವಿದ್ಯುತ್ತು ಭೂಮಿಗಿಳಿಯುವ ದಾರಿ ಕಾಣದೆ ತಂತಿಯುದ್ದಕ್ಕೂ ಹರಿದು, ಬಹುದೂರದಲ್ಲಿ ಬೇಲಿಗೊರಗಿ ನಿಂತ ದನವನ್ನು ಕೊಲ್ಲಬಲ್ಲುದು. ಲೋಹದ ಕಂಬಗಳಾದರೆ ಪ್ರತಿಯೊಂದೂ ಅದನ್ನು ನೆಲಕ್ಕಿಳಿಸುವ ಮೆಟ್ಟಿಲಾಗುತ್ತದೆ. ನಮ್ಮ ನಾಡಿನ ಕಲ್ಲುಕಂಬದ ಬೇಲಿಗಳಲ್ಲಿ ಅಲ್ಲಲ್ಲಿ ಒಂದೊಂದು ಕಬ್ಬಿಣದ ಕಂಬವನ್ನು ಸೇರಿಸಿ ನೆಡುವುದು ಆದುದರಿಂದ ವಿವೇಕದ ಕೆಲಸ.

ಕೊಡಗು, ಚಾಮರಾಜನಗರಗಳ ಕಾಡಂಚಿನಲ್ಲಿ ಆನೆ ಹಂದಿಗಳ ಹಾವಳಿಗಾಗಿ ಹಾಕುವ ಸೌರಬೇಲಿಯಲ್ಲಿ ಇದೇ ಗುಣ ದೋಷವಾಗಿ ಪರಿಣಮಿಸುತ್ತದೆ. ಅಲ್ಲಿ ಯಂತ್ರವೊಂದು ಸುಮಾರು ಸೆಕೆಂಡಿಗೊಮ್ಮೆ, ಕ್ಷಣದ ಅತ್ಯಲ್ಪ ಭಾಗದಷ್ಟು ಕಾಲ ಮಾತ್ರ, ಕೆಲವು ಸಾವಿರ ವೋಲ್ಟಿನ ಮಿಡಿತವನ್ನು ತಂತಿಗೆ ಕಳುಹಿಸುತ್ತದೆ. ಅದು ಬೆದರಿಸಬೇಕು, ಕೊಲ್ಲಬಾರದು. ಮನೆಯ ವಿದ್ಯುತ್ತನ್ನೇ ನೇರವಾಗಿ ಬೇಲಿಗೆ ಕೊಡುವುದು ಅಪರಾಧವಾದರೂ ಹಾಗೆ ಮಾಡಿ ಆನೆಗಳನ್ನೂ ಮನುಷ್ಯರನ್ನೂ ಬಲಿಗೊಟ್ಟ ಪ್ರಸಂಗಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಸೌರಬೇಲಿಯ ತಂತಿ ಲೋಹದ ಕಂಬವನ್ನು ಎಲ್ಲಿಯೂ ಮುಟ್ಟಕೂಡದು; ಕಟ್ಟಿನ ಸ್ಥಾನವನ್ನು ಪಿಂಗಾಣಿಯದೋ, ಬಿಸಿಲಿಗೆ ಸೀಳದಂತೆ ಕರಿ ಬೆರೆಸಿದ ಪ್ಲಾಸ್ಟಿಕ್ಕಿನದೋ ಆದ ನಿರೋಧಕವು ತೆಗೆದುಕೊಳ್ಳುತ್ತದೆ. ಕಲ್ಲುಕಂಬದಲ್ಲಿ ಒಂದು ನಿರೋಧಕ ಒಡೆದರೆ ಸೋರಿಕೆ ಅಲ್ಪ. ಉಕ್ಕಿನ ಕಂಬದಲ್ಲಿ ಒಂದೇ ಒಂದು ಒಡೆದರೂ ಮಿಡಿತವೆಲ್ಲ ಅಲ್ಲಿಯೇ ನೆಲಕ್ಕಿಳಿದು ಉಳಿದ ಬೇಲಿ ಬರಿಯ ತಂತಿಯಾಗಿ ನಿಲ್ಲುತ್ತದೆ.

ಸೋಲಬೇಕಾದದ್ದು ಯಾವುದು?

ಎಷ್ಟು ಎಚ್ಚರದಿಂದ ಕಟ್ಟಿದ ಬೇಲಿಯ ಮೇಲೂ ಎಂದಾದರೊಂದು ದಿನ ಮರ ಉರುಳೀತು, ಬಂಡಿಯೊಂದು ಹಿಂದಕ್ಕೆ ಸರಿದು ಗುದ್ದೀತು. ಆಗ ಮೂರರಲ್ಲಿ ಒಂದು ಸೋಲಲೇಬೇಕು. ಕಂಬ ಬಾಗಿದರೆ ಅಗೆದು ಕಿತ್ತು ಹೊಸದನ್ನು ನೆಡಬೇಕು. ತಂತಿ ಹರಿದರೆ ನೂರು ಮೀಟರಿನ ಎಳೆಯೇ ಜೋಲುಬಿದ್ದು ಮತ್ತೆ ಎಳೆಯಬೇಕು. ಕಟ್ಟು ಬಿಚ್ಚಿಕೊಂಡರೆ ತಂತಿ ನೆಲಕ್ಕೆ ಮಣಿದು, ಮರವನ್ನೆತ್ತಿದ ಮೇಲೆ ತಾನೇ ಮೇಲೇಳುತ್ತದೆ, ಇಕ್ಕಳವೊಂದಿದ್ದರೆ ಕೆಲಸ ಮುಗಿಯುತ್ತದೆ. ಕಟ್ಟು ತಂತಿಗಿಂತ ತೆಳುವಾಗಿರಬೇಕು, ಮೆದುವಾಗಿರಬೇಕು ಎಂಬ ನಿಯಮಕ್ಕೆ ಇದುವರೆಗೆ ಹೇಳಿದ ಕಾರಣಗಳ ಜೊತೆಗೆ ಇದೂ ಒಂದು; ದಪ್ಪ ಕಟ್ಟು ಹಾಕಿದವನು ತನಗೆ ತಿಳಿಯದಂತೆಯೇ ಸೋಲನ್ನು ಕಂಬಕ್ಕೂ ತಂತಿಗೂ ವರ್ಗಾಯಿಸಿರುತ್ತಾನೆ.

ಮಳೆಗಾಲ ಕಳೆದು ಬೇಲಿಯನ್ನು ಪರೀಕ್ಷಿಸಹೊರಟಾಗ ಕಂಬಗಳನ್ನು ಅಲ್ಲಾಡಿಸಿ ನೋಡುವುದು ರೂಢಿ. ಅದಕ್ಕಿಂತ ಮೊದಲು ಕಟ್ಟುಗಳ ಸಾಲನ್ನು ನೋಡಿಕೊಂಡು ಹೋಗುವುದು ಹೆಚ್ಚು ಫಲಕಾರಿ. ಕೆಂಪು ಕಂಡ ಕಟ್ಟನ್ನು ಕತ್ತರಿಸಿ ಸತುವಿನದನ್ನು ಹಾಕತಕ್ಕದ್ದು. ಬಿಳಿಪುಡಿ ಕಂಡಲ್ಲಿ ಬಿಗಿಯನ್ನು ತುಸು ಸಡಿಲಿಸತಕ್ಕದ್ದು. ಉಳಿದವುಗಳಲ್ಲಿ ತಂತಿಯನ್ನು ಎರಡು ಬೆರಳಿನಿಂದ ಹಿಡಿದು ಉದ್ದಕ್ಕೊಮ್ಮೆ ಮೇಲಕ್ಕೊಮ್ಮೆ ಅಲುಗಿಸಿ, ಉದ್ದಕ್ಕೆ ಸರಿದು ಮೇಲಕ್ಕೆ ಸರಿಯದಿದ್ದರೆ ಮುಂದಿನ ಕಂಬಕ್ಕೆ ನಡೆಯತಕ್ಕದ್ದು.